ನಿಲಸ್‌ಕಲ್ಲಿನ ನಿಂತ ಕಲ್ಲುಗಳು: ಆರಿದ್ರಾ ಮಳೇಲಿ ಸೂರ್ಯ ಎಲ್ಲಿ ಕಾಣ್ತಾನೆ ಮಾರಾಯ್ರೆ?

ಕಾನುಮನೆ_ಹುಡುಗ:
ಹೊಸನಗರ ತಾಲೂಕು ನಿಲಸ್‌ಕಲ್ ಊರಿನ ಕಲ್ಲುಗಳನ್ನ ಯಾರಾದ್ರೂ ನೋಡಿದೀರಾ? ನಗರದ ಹತ್ರ (ಬಿದನೂರು ನಗರ, ಕೆಳದಿಯವರ ಕೋಟೆ ಇರೋದು). ಮೊನ್ನೆ ಅತ್ತೆ ಮನೆ ಕಡೆ ಹೋದಾಗ ನೋಡ್ಕಂಡು ಬಂದೆ. ಕಾಡು ತೋಟ ಮಧ್ಯೆ ಆಳಿಗಿಂತ ಎತ್ತರದ ಚಪ್ಪಡಿಗಳು ನಿಂತಿದಾವೆ, ಕೆಲವು ವಾಲಿವೆ, ಕೆಲವು ಪೂರ್ತಿ ಬಿದ್ದಿವೆ, ಒಂದ್ರ ಮೇಲೂ ಅಕ್ಷರ ಇಲ್ಲ, ಬೊಂಬೆ ಇಲ್ಲ, ಉಳಿ ತಾಗಿಸಿದ ಗುರುತೂ ನಂಗೆ ಕಾಣ್ಲಿಲ್ಲ. ಬರೀ ಪಾಚಿ ಮತ್ತೆ ಬಿಳಿ ಬಿಳಿ ಕಲ್ಲುಹೂವು.

ಬಿದ್ದಿದ್ದ ಒಂದು ಕಲ್ಲಿನ ಬುಡ ಗಮನಿಸಿ ನೋಡಿದೆ. ಕೆಳಗಿನ ಒಂದು ಭಾಗ ಬಣ್ಣಾನೇ ಬೇರೆ, ಮೇಲೆ ಕರ್ರಗೆ, ಕೆಳಗೆ ಕೆಂಪು ಮಣ್ಣು ಹೀರಿಕೊಂಡ ಹಾಗೆ, ನಡುವೆ ಒಂದು ಗೆರೆ. ಅಲ್ಲೀವರೆಗೆ ಹೂತಿದ್ರು ಅಂತ ಯಾರು ಹೇಳೋದೂ ಬೇಡ ಕಲ್ಲೇ ಹೇಳುತ್ತೆ. ಬುಡದ ಸುತ್ತ ಸಣ್ಣ ಸಣ್ಣ ಗುಂಡುಕಲ್ಲು ಬಿದ್ದಿದ್ವು, ಕಂಬ ಅಲುಗದ ಹಾಗೆ ಗುಂಡಿಗೆ ಜಡಿತಾರಲ್ಲ ಆ ತರ.

ಇನ್ನೊಂದು, ಚಪ್ಪಡಿಗಳು ಹೇಗೆ ಬೇಕಾದ್ರೆ ಹಾಗೆ ನಿಂತಿಲ್ಲ. ಹೆಚ್ಚಿನವು ಅಗಲದ ಮುಖ ಪೂರ್ವ ಪಶ್ಚಿಮಕ್ಕೆ ಮಾಡಿಕೊಂಡು ನಿಂತಿವೆ, ತೆಳು ಅಂಚು ಉತ್ತರ ದಕ್ಷಿಣಕ್ಕೆ. ಮೊಬೈಲ್ ಕಂಪಾಸ್ ಇಟ್ಟು ನೋಡಿದ್ದು, ಹೆಚ್ಚು ಕಮ್ಮಿ ಇರುತ್ತೆ. ಯಾರು ನಿಲ್ಸಿದ್ದು, ಯಾಕೆ, ಸಮಾಧಿನಾ ಪಂಚಾಂಗನಾ? ಊರಲ್ಲಿ ಕೇಳಿದ್ರೆ ಹಿಂದಿನ ಕಾಲದ್ದು ಅಂತಾರೆ ಅಷ್ಟೆ. ತಿಳಿದೋರು ಹೇಳಿ.

ಸಾಗರದ_ಶೆಟ್ರು:
ವೀರಗಲ್ಲು ಇರಬೇಕು. ನಮ್ಮ ಕಡೆ ಹೆಜ್ಜೆಗೊಂದು ವೀರಗಲ್ಲು ಮಾಸ್ತಿಕಲ್ಲು. ಕೆತ್ತನೆ ಮಳೆಗೆ ಸವೆದು ಹೋಗಿರಬೇಕು ಅಷ್ಟೆ.

ಶಾಸನ_ಪ್ರಿಯ:
ಶೆಟ್ರೇ ಇಲ್ಲ. ವೀರಗಲ್ಲಿಗೆ ಪಟ್ಟಿಕೆ ಇರುತ್ತೆ, ಕೆಳಗೆ ಯುದ್ಧ, ನಡುವೆ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ಲಿಂಗ ಅಥವಾ ಜಿನ, ತುದೀಲಿ ಸೂರ್ಯ ಚಂದ್ರ. ಮಲೆನಾಡ ಮಳೆಗೆ ಕೆತ್ತನೆ ಮಾಸುತ್ತೆ ನಿಜ, ಆದ್ರೆ ನೂರಾರು ವರ್ಷ ಹಳೇ ವೀರಗಲ್ಲಲ್ಲೂ ಪಟ್ಟಿಕೆ ಅಡ್ಡಗೆರೆ ಬೆರಳಿಗೆ ಸಿಗುತ್ತೆ. ಇವು ಅದಕ್ಕಿಂತ ತುಂಬಾ ಹಿಂದಿನವು, ಬೃಹತ್ ಶಿಲಾಯುಗದವು ಅಂತಾರಲ್ಲ, ಕಬ್ಬಿಣ ಬಂದ ಆಸುಪಾಸಿನ ಕಾಲ. ವೀರಗಲ್ಲು ಅನ್ನೋ ಪದ್ಧತಿಯ ಅಜ್ಜ ಇದೇ ನಿಂತ ಕಲ್ಲು ಇರಬಹುದು ಅಂತ ಕೆಲವು ವಿದ್ವಾಂಸರು ಹೇಳ್ತಾರೆ, ಚಿತ್ರದುರ್ಗದ ಹತ್ರ ತಮಟಕಲ್ಲಿನ ಗುಣಮಧುರನ ಕಲ್ಲು ನಮಗೆ ಗೊತ್ತಿರೋ ತೀರಾ ಹಳೇ ವೀರಗಲ್ಲುಗಳಲ್ಲಿ ಒಂದು, ಅದು ಸುಮಾರು 5-6ನೇ ಶತಮಾನದ್ದು. ಅಲ್ಲಿಂದ ಹಿಂದಕ್ಕೆ ಹೋದ್ರೆ ಅಕ್ಷರ ಮಾಯ ಕಲ್ಲು ಮಾತ್ರ.

ನಿಲಸ್‌ಕಲ್ ಬಗ್ಗೆ ಬರಹ ಇದೆ. ಮಣಿಪಾಲದ ಶ್ರೀಕುಮಾರ್ ಮೆನನ್, ಮುಂಬೈ ಟಿ.ಐ.ಎಫ್.ಆರ್. (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ)ನ ಮಯಾಂಕ್ ವಾಹಿಯಾ ಮತ್ತೆ ಜೊತೆಯವರು 2011-12ರ ಹೊತ್ತಿಗೆ ಅಳತೆ ಮಾಡಿ ಪ್ರಕಟಿಸಿದ್ರು. ಒಂದಕ್ಕಿಂತ ಹೆಚ್ಚು ಜೋಡಿ ಕಲ್ಲುಗಳು ಉತ್ತರಾಯಣ ದಕ್ಷಿಣಾಯನ ತಿರುಗೋ ದಿನದ ಸೂರ್ಯೋದಯ ಸೂರ್ಯಾಸ್ತದ ದಿಕ್ಕಿಗೆ ಸರಿಯಾಗಿ ಸಾಲಾಗಿವೆ ಅಂತ ತೋರಿಸಿದ್ದಾರೆ. ಉಳಿದ ಕಲ್ಲುಗಳ ಉದ್ದೇಶ ಸ್ಪಷ್ಟ ಇಲ್ಲ ಅಂತ ಅವ್ರೇ ಹೇಳ್ಕೊಂಡಿದಾರೆ, ಅದು ನನಗೆ ಇಷ್ಟ ಆಗಿದ್ದು. ಅಲ್ಲೇ ಆಸುಪಾಸಲ್ಲಿ ಬೈಸೆ, ಮುಂಬಾರು ಕಡೆಯೂ ಇಂಥವೇ ಇದಾವೆ.

ರಾಯಚೂರ್_ಬಿಸಲು:
ನಮ್ ಕಡಿ ಬರ್ರಿ ಇದಕ್ಕಿಂತ ದೊಡ್ಡಾವು ತೋರಸ್ತೀನಿ 😀 ರಾಯಚೂರಿಂದ ಕೃಷ್ಣಾ ನದಿ ದಾಟಿದ್ರ ಆಕಡಿ ತೆಲಂಗಾಣ, ನಾರಾಯಣಪೇಟ ಜಿಲ್ಲಾ ಕೃಷ್ಣಾ ಮಂಡಲ, ಅಲ್ಲಿ ಮುದುಮಾಲ ಅಂತ ಊರು. ಹೆಸರಿಗೆ ತೆಲಂಗಾಣ, ಆ ಮಂಡಲದಾಗ ಕನ್ನಡ ಸಾಲಿನೂ ಅದಾವ, ಮನ್ಯಾಗ ಕನ್ನಡ ಮಾತಾಡೋ ಮಂದಿ ಭಾಳ. ಹೊಲದಾಗ ಎಂಬತ್ತರ ಸುಮಾರು ದೊಡ್ಡ ಕಲ್ಲು ನಿಂತಾವ, 10-14 ಅಡಿ ಎತ್ತರದಾವು, ಸುತ್ತ ಸಣ್ಣ ಕಲ್ಲು ಸಾವಿರಗಟ್ಲೆ. 2025ರ ಮಾರ್ಚ್‌ನಾಗ ಯುನೆಸ್ಕೋ ವಿಶ್ವ ಪರಂಪರೆ ತಾತ್ಕಾಲಿಕ ಪಟ್ಟಿಗೆ ಸೇರ್ಯದ. ಹೈದರಾಬಾದ್ ಯೂನಿವರ್ಸಿಟಿಯ ಕೆ.ಪಿ.ರಾವ್ ಅವರು ವರ್ಷಾನುಗಟ್ಲೆ ಅದರ ಬೆನ್ನು ಹತ್ತಿದ್ರು.

ಅಲ್ಲಿ ಒಂದು ಕಲ್ಲಿನ ಮ್ಯಾಲೆ ಸಣ್ಣ ಸಣ್ಣ ಬಟ್ಟಲದಂಗ ಕುಳಿ ಕೊರದಾರ, ಸಪ್ತರ್ಷಿ ಮಂಡಲ ಅದು ಅಂತಾರ ರಾವ್ ಅವರು. ಮಂದಿ ಮಾತ್ರ ನಕ್ಷತ್ರ ಗಿಕ್ಷತ್ರ ತೆಲಿ ಕೆಡಿಸ್ಕೊಳ್ಳಂಗಿಲ್ಲ, ಒಂದು ಕಲ್ಲು ತಿಮ್ಮಪ್ಪ, ಇನ್ನೊಂದು ಎಲ್ಲಮ್ಮ, ಕುಂಕುಮ ಅರಿಶಿಣ ಹಚ್ಚಿ ಕಾಯಿ ಒಡದು ಹೋಗ್ತಾರ. ನನ್ ಕೇಳಿದ್ರ ಆ ಕಲ್ಲು ಉಳದದ್ದು ಯುನೆಸ್ಕೋದಿಂದ ಅಲ್ಲ, ಎಲ್ಲಮ್ಮನಿಂದ. ದೇವರು ಅಂದಮ್ಯಾಲೆ ಯಾವನೂ ಕಿತ್ತು ಬದುವಿಗೆ ಹಾಕಂಗಿಲ್ಲ.

ಡೇಟಾ_ದಾಸ:
ನಾನು ಸ್ವಲ್ಪ ನೀರು ಹಾಕ್ತೀನಿ ಕ್ಷಮಿಸಿ. ಈ ಜೋಡಿ ಕಲ್ಲು ಸೂರ್ಯನಿಗೆ ಸಾಲಾಗಿವೆ ಅನ್ನೋದನ್ನ ಲೆಕ್ಕ ಹಾಕಿ ನೋಡಿ. ಉದಾಹರಣೆಗೆ ಒಂದು ಬಯಲಲ್ಲಿ 20 ಕಲ್ಲು ಇದೆ ಅಂತ ಇಟ್ಕೊಳ್ಳಿ. ಎರಡೆರಡು ಕಲ್ಲು ಸೇರಿಸಿ ಗೆರೆ ಎಳೆದ್ರೆ 190 ಗೆರೆ ಆಗುತ್ತೆ (20×19/2). ಗೆರೆಗೆ ಎರಡೂ ತುದಿ ಇರೋದ್ರಿಂದ ದಿಕ್ಕುಗಳು 180 ಡಿಗ್ರಿ ಒಳಗೇ ಮುಗಿಯುತ್ತೆ. ಅಂದ್ರೆ ಕಣ್ಣು ಮುಚ್ಕೊಂಡು ಕಲ್ಲು ಚೆಲ್ಲಿದ್ರೂ ಸರಾಸರಿ ಡಿಗ್ರಿಗೊಂದು ಗೆರೆ ಸಿಕ್ಕೇ ಸಿಗುತ್ತೆ. ಒಂದು ಡಿಗ್ರಿ ಆಚೆ ಈಚೆ ಬಿಟ್ಕೊಟ್ರೆ ಎರಡು. ಹಾಗಾಗಿ ಒಂದಕ್ಕಿಂತ ಹೆಚ್ಚು ಜೋಡಿ ಸಿಕ್ತು ಅನ್ನೋದು ಕೇಳೋಕೆ ಚೆನ್ನಾಗಿದೆ, ನನಗೆ ಸಾಕಾಗಲ್ಲ. ಆ ದಿಕ್ಕಲ್ಲಿ ಮಾತ್ರ ಗೆರೆಗಳು ಗುಂಪುಗೂಡಿವೆಯಾ, ಬೇರೆ ದಿಕ್ಕಲ್ಲಿ ಕಮ್ಮಿ ಇದಾವಾ, ಅದನ್ನ ತೋರಿಸಬೇಕು.

ಕೊಳೆರೋಗ_ಔಷಧಿ:
ನಾನು ಅದೇ ತಾಲೂಕಿನವ, ಅಡಿಕೆ ಬೆಳೆಗಾರ. ದೊಡ್ಡ ದೊಡ್ಡ ಲೆಕ್ಕ ನಂಗೆ ಬರಲ್ಲ, ಒಂದು ಸಣ್ಣ ಪ್ರಶ್ನೆ. ಉತ್ತರದ ತುತ್ತತುದಿಗೆ ಸೂರ್ಯ ಹುಟ್ಟೋದು ಯಾವತ್ತು? ಜೂನ್ 21. ಜೂನ್ 21-22ಕ್ಕೆ ನಮ್ಮಲ್ಲಿ ಯಾವ ಮಳೆ ಶುರು? ಆರಿದ್ರಾ. ಮಿರ್ಗದ ಮಳೆ ಮುಗಿದು ಆರಿದ್ರೆ ಹಿಡಿಯೋ ಹೊತ್ತು ಅದು, ಪಕ್ಕದಲ್ಲೇ ಹುಲಿಕಲ್ಲು ಇದೆ, ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳೋ ಜಾಗಗಳಲ್ಲಿ ಅದೊಂದು. ಆ ಟೈಮಲ್ಲಿ ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟೋಕೆ ಮರ ಹತ್ತಿಸೋಕೆ, ಮಳೆ ನಿಂತ ಒಂದು ಹೊಳವು ಸಿಗುತ್ತಾ ಅಂತ ನಾವು ಬಾಯಿ ಬಾಯಿ ಬಿಡ್ತಿರ್ತೀವಿ, ಸೂರ್ಯ ಹುಟ್ಟೋದು ಯಾವ ಗುಡ್ಡದ ಮೇಲೆ ಅಂತ ನೋಡೋದಿರಲಿ, ಗುಡ್ಡಾನೇ ಕಾಣಲ್ಲ ಮಾರಾಯ್ರೆ. ವರ್ಷವಿಡೀ ಕಾದು ನೋಡೋ ದಿನ ಅದಾಗಿದ್ರೆ ಆ ಕಲ್ಲು ನಿಲ್ಸಿದೋರು ನಮ್ಮೂರೋರೇ ಅಲ್ಲ.

ಶಾಸನ_ಪ್ರಿಯ:
ಈ ಥ್ರೆಡ್ಡಲ್ಲಿ ಇಲ್ಲೀತನಕ ಬಂದ ಅತ್ಯುತ್ತಮ ಪ್ರಶ್ನೆ ಇದು 🙏

ಸಾಗರದ_ಶೆಟ್ರು:
ಕೊಳೆರೋಗದೋರು ಅಡಿಕೆಗೆ ಬೋರ್ಡೋ ಔಷಧಿ ಹೊಡೆಯೋ ಬದಲು ಸಂಶೋಧನೆಗೆ ಹೋಗ್ಬೇಕಿತ್ತು 😂

ಚುಕ್ಕಿ_ಎಣಿಸೋನು:
ಟೆಲಿಸ್ಕೋಪ್ ಹುಚ್ಚು ಇರೋನು ನಾನು, ಈ ಪ್ರಶ್ನೆಗೆ ಉತ್ತರ ಇದೆ ಅಂದ್ಕೋತೀನಿ, ಸ್ವಲ್ಪ ಉದ್ದ ಆಗುತ್ತೆ.

ನಿಲಸ್‌ಕಲ್ ಇರೋದು ಹೆಚ್ಚು ಕಮ್ಮಿ 13.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಜೂನ್ 21ಕ್ಕೆ ಸೂರ್ಯ ನೇರ ಪೂರ್ವದಿಂದ ಉತ್ತರಕ್ಕೆ ಸುಮಾರು 24 ಡಿಗ್ರಿ ಸರಿದು ಹುಟ್ತಾನೆ. ಡಿಸೆಂಬರ್ 21-22ಕ್ಕೆ ನೇರ ಪಶ್ಚಿಮದಿಂದ ದಕ್ಷಿಣಕ್ಕೆ ಅಷ್ಟೇ 24 ಡಿಗ್ರಿ ಸರಿದು ಮುಳುಗ್ತಾನೆ. ಈ ಎರಡು ದಿಕ್ಕು ಒಂದಕ್ಕೊಂದು ತದ್ವಿರುದ್ಧ, ಅಂದ್ರೆ ಒಂದೇ ಗೆರೆಯ ಎರಡು ತುದಿ. ಎ ಅನ್ನೋ ಕಲ್ಲಿನ ಹತ್ರ ನಿಂತು ಬಿ ಕಡೆ ನೋಡಿದ್ರೆ ಜೂನ್ ಸೂರ್ಯೋದಯ, ಬಿ ಹತ್ರ ನಿಂತು ಎ ಕಡೆ ನೋಡಿದ್ರೆ ಡಿಸೆಂಬರ್ ಸೂರ್ಯಾಸ್ತ. ಹಾಗೇ ಇನ್ನೊಂದು ಗೆರೇಲಿ ಡಿಸೆಂಬರ್ ಸೂರ್ಯೋದಯ, ಜೂನ್ ಸೂರ್ಯಾಸ್ತ. ಕಾಗದದ ಮೇಲೆ ನಾಲ್ಕು ಹಬ್ಬ ಇದ್ದ ಹಾಗೆ ಕಾಣುತ್ತೆ, ಮಲೆನಾಡಲ್ಲಿ ಕಣ್ಣಿಗೆ ಸಿಗೋದು ಡಿಸೆಂಬರ್‌ದು ಎರಡೇ. ಕಲ್ಲು ನಿಲ್ಸಿದೋರು ಊರೋರೇ ಇರ್ಲಿ, ಅವರು ನೋಡಿದ್ದು ಚಳಿಗಾಲದ ಸೂರ್ಯನ್ನ ಅಂದ್ಕೊಂಡ್ರೆ ಕೊಳೆರೋಗದವರ ಪ್ರಶ್ನೆ ಬಗೆಹರಿಯುತ್ತೆ. ಅದರಲ್ಲೂ ಸಂಜೆ, ಯಾಕಂದ್ರೆ ಡಿಸೆಂಬರ್ ಬೆಳಗ್ಗೆ ಅಲ್ಲಿ ಇಬ್ಬನಿ ಕಾವಳ.

ಮೂರು ಸಾವಿರ ವರ್ಷದಲ್ಲಿ ಸೂರ್ಯನ ಜಾಗ ಬದಲಾಗಿಲ್ವಾ ಅಂತ ಕೇಳ್ತೀರಿ. ಆಗಿದೆ, ಭೂಮಿಯ ಅಕ್ಷದ ವಾಲು ಆಗ ಈಗಿಗಿಂತ ಸ್ವಲ್ಪ ಹೆಚ್ಚಿತ್ತು, ಆ ವ್ಯತ್ಯಾಸ ಅರ್ಧ ಡಿಗ್ರಿನೂ ಇಲ್ಲ. ಅಂದ್ರೆ ಆವಾಗ ಸೂರ್ಯ ಮುಳುಗ್ತಿದ್ದ ಜಾಗ ಈಗಿನ ಜಾಗದಿಂದ ಸೂರ್ಯಬಿಂಬದ ಅಗಲಕ್ಕಿಂತ ಕಮ್ಮಿ ಅಂತರದಲ್ಲಿದೆ. ಬರಿಗಣ್ಣಿಗೆ, ಅಡಿಗಟ್ಲೆ ಅಗಲದ ಕಲ್ಲಿಗೆ ಅದು ಲೆಕ್ಕಕ್ಕೇ ಬರಲ್ಲ. ಹಾಗಾಗಿ ಈಗ ಹೋಗಿ ನೋಡಿದ್ರೂ ಅವರು ಕಂಡದ್ದೇ ಹೆಚ್ಚು ಕಮ್ಮಿ ಕಾಣುತ್ತೆ.

ನಕ್ಷತ್ರದ ಕತೆ ಬೇರೆ. ಭೂಮಿ ಅಕ್ಷ ಬುಗುರಿ ತರ ತೂಗೋದ್ರಿಂದ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಜಾರುತ್ತೆ. ಮೂರು ಸಾವಿರ ವರ್ಷಕ್ಕೆ ನಲವತ್ತು ಡಿಗ್ರಿ. ಈಗಿನ ಧ್ರುವ ನಕ್ಷತ್ರ ಆವಾಗ ಧ್ರುವದಲ್ಲಿ ಇರ್ಲೇ ಇಲ್ಲ. ಸಪ್ತರ್ಷಿಗಳ ಆಕಾರ ಮಾತ್ರ ಹಾಗೇ ಇತ್ತು, ಆದ್ದರಿಂದ ಮುದುಮಾಲದ ಕುಳಿಗಳು ಸಪ್ತರ್ಷಿ ಅನ್ನೋದು ಅಸಾಧ್ಯ ಏನಲ್ಲ. ಬಂಡೆ ಮೇಲೆ ಕುಳಿ ತುಂಬಾ ಇದ್ರೆ ಏಳು ಆರಿಸ್ಕೊಂಡು ಯಾವ ಚಿತ್ರ ಬೇಕಾದ್ರೂ ಮಾಡಬಹುದು ಅನ್ನೋ ಡೇಟಾ_ದಾಸರ ಆಕ್ಷೇಪ ಅಲ್ಲೂ ನಿಲ್ಲುತ್ತೆ.

ಡೇಟಾ_ದಾಸ:
ಇನ್ನೂ ಒಂದು ತಕರಾರು. ನಿಮ್ಮ 24 ಡಿಗ್ರಿ ಸಮುದ್ರದ ತರ ಚಪ್ಪಟೆ ದಿಗಂತಕ್ಕೆ. ಅಲ್ಲಿ ಸುತ್ತ ಗುಡ್ಡ.

ಚುಕ್ಕಿ_ಎಣಿಸೋನು:
ಸರಿ. ಗುಡ್ಡ ಒಂದು ಡಿಗ್ರಿ ಎದ್ದಿದ್ರೆ ಈ ಅಕ್ಷಾಂಶದಲ್ಲಿ ಸೂರ್ಯ ಕಾಣಿಸೋ ಜಾಗ ಕಾಲು ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿಯುತ್ತೆ, ಮೂರು ಡಿಗ್ರಿ ಗುಡ್ಡ ಆದ್ರೆ ಮುಕ್ಕಾಲು ಡಿಗ್ರಿ ಮೇಲೆ. ಬೆಳಗ್ಗೆ ಸಂಜೆ ಎರಡಕ್ಕೂ ದಕ್ಷಿಣಕ್ಕೇ. ಅಂದ್ರೆ ಗುಡ್ಡ ಇರೋ ಕಡೆ ಎರಡು ತುದಿ ಪೂರ್ತಿ ತದ್ವಿರುದ್ಧ ಇರಲ್ಲ. ಮಜಾ ಇರೋದೇ ಅಲ್ಲಿ! ಡಿಸೆಂಬರ್ ಸಂಜೆಗೆ ಅಂತಾನೇ ಗೆರೆ ಎಳೆದಿದ್ರೆ ಅದು ಜೂನ್ ಬೆಳಗ್ಗೆಗೆ ಸ್ವಲ್ಪ ತಪ್ಪಬೇಕು. ಯಾವ ತುದೀಲಿ ಕರಾರುವಾಕ್ಕಾಗಿ ಕೂರುತ್ತೆ ಅಂತ ಅಳೆದ್ರೆ ಯಾವ ಕಾಲಕ್ಕೆ ಮಾಡಿದ್ದು ಅಂತ ಸುಳಿವು ಸಿಗಬಹುದು. ಕಲ್ಲಿನ ಅಗಲ, ವಾಲಿದ್ದು ಎಲ್ಲ ಸೇರಿ ಗೊಂದಲ ಇರುತ್ತೆ, ಆದ್ರೂ ಪ್ರಯತ್ನ ಮಾಡ್ಬಹುದು.

ಬ್ರಿಸ್ಟಲ್_ಬೆಣ್ಣೆದೋಸೆ:
ದಾವಣಗೆರೆಯವಳು, ಸದ್ಯ ಇಂಗ್ಲೆಂಡಲ್ಲಿ. ನೀವು ಹೇಳ್ತಿರೋದು ಇಲ್ಲಿನ ಹಳೇ ಕಲ್ಲುವೃತ್ತ ಸ್ಟೋನ್‌ಹೆಂಜ್ ಕತೆ ತರಾನೇ ಇದೆ. ಇಲ್ಲಿ ಜೂನ್ 21ರ ಬೆಳಗಿನ ಜಾವ ಸಾವಿರಾರು ಜನ ಸೇರಿ ಡೋಲು ಬಡಿದು ಸೂರ್ಯೋದಯ ನೋಡ್ತಾರೆ. ಆದ್ರೆ ಅದೇ ಗೆರೆಯ ಇನ್ನೊಂದು ತುದಿ ಡಿಸೆಂಬರ್ ಸೂರ್ಯಾಸ್ತ. ಹತ್ತಿರದ ಡರಿಂಗ್ಟನ್ ವಾಲ್ಸ್ ಅನ್ನೋ ಹಳೇ ನೆಲೆ ಅಗೆದಾಗ ರಾಶಿ ಹಂದಿ ಮೂಳೆ ಸಿಕ್ವು, ಹಲ್ಲು ನೋಡಿದ್ರೆ ಬಹಳಷ್ಟು ಹಂದಿ ಒಂಬತ್ತು ತಿಂಗಳ ಹೊತ್ತಿಗೆ ಕಡಿದಿದ್ದು, ವಸಂತದಲ್ಲಿ ಹುಟ್ಟಿದ ಮರಿ ಅಂದ್ರೆ ನಟ್ಟ ನಡು ಚಳಿಗಾಲದ ಊಟ. ಹಾಗಾಗಿ ಅಸಲಿ ಜಾತ್ರೆ ಚಳಿಗಾಲದ್ದು ಅಂತ ಇಲ್ಲೂ ಅನೇಕರು ವಾದಿಸ್ತಾರೆ. ಅಲ್ಲಿ ತೀರ್ಮಾನಕ್ಕೆ ದಾರಿ ಆಗಿದ್ದು ಕಲ್ಲಲ್ಲ, ಎಸೆದ ಮೂಳೆ.

ಕೊಳೆರೋಗ_ಔಷಧಿ:
ಡಿಸೆಂಬರ್ ಆದ್ರೆ ಒಪ್ತೀನಿ. ಗದ್ದೆ ಕೊಯ್ಲು ಮುಗಿದಿರುತ್ತೆ, ಮಳೆ ಇಲ್ಲ, ಹೊಳೆ ದಾಟಬಹುದು, ನೆಂಟರು ಬರಬಹುದು. ಸಭೆ ಸೇರೋಕೆ ಒಳ್ಳೆ ಕಾಲ. ಆವಾಗ ಏನು ಬೆಳೀತಿದ್ರೋ ದೇವ್ರಿಗೇ ಗೊತ್ತು, ಆದ್ರೆ ಮಳೆಗಾಲ ಮಾತ್ರ ಇತ್ತು ತಾನೆ.

ನವಚೈತನ್ಯ_99:
ಯಾರೂ ಎನರ್ಜಿ ಬಗ್ಗೆ ಹೇಳ್ತಾ ಇಲ್ಲ. ಈ ಕಲ್ಲುಗಳನ್ನ ಭೂಮಿಯ ಮ್ಯಾಗ್ನೆಟಿಕ್ ಲೈನ್ ಮೇಲೆ ಇಟ್ಟಿದ್ದಾರೆ, ಮುಟ್ಟಿದ್ರೆ ವೈಬ್ರೇಶನ್ ಗೊತ್ತಾಗುತ್ತೆ. ಐದು ಟನ್ ಕಲ್ಲನ್ನ ಆ ಕಾಲದ ಜನ ಎತ್ತಿ ನಿಲ್ಸೋಕೆ ಸಾಧ್ಯಾನೇ ಇಲ್ಲ, ಹೊರಗಿನ ಶಕ್ತಿ ಬೇಕು.

ಕಲ್ಲುಕುಟಿಗನ_ಮೊಮ್ಮಗ:
ಸಾಧ್ಯಾನೇ ಇಲ್ಲ ಅನ್ನೋ ಮಾತು ಕಲ್ಲು ಕೆಲ್ಸ ಮಾಡ್ದೇ ಇರೋರು ಹೇಳೋದು ಸ್ವಾಮಿ. ನಮ್ಮಜ್ಜ ಜನ್ಮ ಪೂರ್ತಿ ಕ್ವಾರಿಲಿ ಕಳೆದೋರು, ಕ್ರೇನು ಜೆಸಿಬಿ ಇಲ್ದೇ ಇದ್ದ ಕಾಲದಲ್ಲಿ. ಹತ್ತಡಿ ಉದ್ದ ಐದಡಿ ಅಗಲ ಒಂದೂಕಾಲಡಿ ದಪ್ಪದ ಚಪ್ಪಡಿ ಐದು ಟನ್ ಹತ್ರ ಬರುತ್ತೆ, ಲೆಕ್ಕ ಸರಿ ಇದೆ. ಆದ್ರೆ ಅದನ್ನ ಯಾರೂ ಎತ್ತಲ್ಲ. ಎಬ್ಬಿಸ್ತಾರೆ.

ಮೊದ್ಲು ಕಲ್ಲು ಬಿಡಿಸೋದು. ಬಂಡೆ ಈರುಳ್ಳಿ ತರ ಪದರ ಪದರವಾಗಿ ಏಳೋ ಜಾಗ ಹುಡುಕಿದ್ರೆ ಅರ್ಧ ಕೆಲಸ ಪ್ರಕೃತಿನೇ ಮಾಡಿರುತ್ತೆ. ಮೇಲೆ ಬೆಂಕಿ ಹಾಕ್ತಾರೆ, ಕಾದ ಪದರ ಉಬ್ಬಿ ಕೆಳಗಿನದ್ರಿಂದ ಬಿಡುತ್ತೆ, ಬಡಿದ್ರೆ ಶಬ್ದ ಬದಲಾಗುತ್ತೆ, ಗಟ್ಟಿ ಇದ್ದದ್ದು ಪೊಳ್ಳು ಆಗುತ್ತೆ, ಅಜ್ಜ ಕಿವಿ ಇಟ್ಟು ಹೇಳ್ತಿದ್ರು ಎಲ್ಲೀವರೆಗೆ ಬಿಟ್ಟಿದೆ ಅಂತ. ಆಮೇಲೆ ಬಿರುಕಿಗೆ ಬೆಣೆ. ಸಾಲಾಗಿ ಚೌಕ ರಂಧ್ರ ಕೊರೆದು ಬೆಣೆ ಹೊಡೆಯೋದು ಗಟ್ಟಿ ಉಳಿ ಬಂದ ಮೇಲಿನ ಕೆಲಸ, ಕಲ್ಲಿನ ಅಂಚಲ್ಲಿ ಹಲ್ಲು ಹಲ್ಲು ಗುರುತು ಇದ್ರೆ ಅದು ಬಹಳ ಹಳೇದಲ್ಲ ಅಥವಾ ಆಮೇಲೆ ಯಾರೋ ಒಡೆಯೋಕೆ ನೋಡಿದ್ದು. ಕಾನುಮನೆಯವರು ಉಳಿ ಗುರುತು ಕಾಣ್ಲಿಲ್ಲ ಅಂದ್ರಲ್ಲ, ಅದಕ್ಕೆ ಹೇಳಿದೆ.

ನಿಲ್ಸೋದು ಹೇಗೆ ಅಂದ್ರೆ ಗುಂಡಿ ಒಂದು ಕಡೆ ಇಳಿಜಾರು ಇನ್ನೊಂದು ಕಡೆ ನೆಟ್ಟಗೆ ಅಗೀತಾರೆ. ಮರದ ದಿಮ್ಮಿ ಮೇಲೆ ಉರುಳಿಸ್ಕೊಂಡು ಬಂದು ಬುಡ ಇಳಿಜಾರಿಗೆ ಜಾರಿಸ್ತಾರೆ, ತಲೆ ಕಡೆ ಹಾರೆ ಕೊಟ್ಟು ಒಂದು ಗೇಣು ಎಬ್ಬಿಸೋದು ಅಡಿಗೆ ಕಲ್ಲು ತುಂಬೋದು, ಮತ್ತೊಂದು ಗೇಣು ಮತ್ತೆ ಕಲ್ಲು, ಅರ್ಧ ಎದ್ದ ಮೇಲೆ ಹಗ್ಗ ಕಟ್ಟಿ ಎಳೆದ್ರೆ ನೆಟ್ಟಗಿರೋ ಗೋಡೆಗೆ ತಾಗಿ ನಿಲ್ಲುತ್ತೆ. ತಕ್ಷಣ ಬುಡಕ್ಕೆ ಗುಂಡುಕಲ್ಲು ಜಡಿಬೇಕು, ತಡ ಮಾಡಿದ್ರೆ ತಿರುಗಿ ಬಿಡುತ್ತೆ. ಮೂವತ್ತು ನಲವತ್ತು ಆಳು, ಒಂದೇ ದನಿಲಿ ಕೂಗೋಕೆ ಒಬ್ಬ. ಹೊರಗಿನ ಶಕ್ತಿ ಬೇಡ, ಹೊಟ್ಟೆಗೆ ಊಟ ಬೇಕು.

ಸಾಗರದ_ಶೆಟ್ರು:
👏👏 ವೈಬ್ರೇಶನ್‌ನೋರು ಒಂದ್ಸಲ ಹಾರೆ ಹಿಡಿದು ನೋಡಿ, ಚೆನ್ನಾಗಿ ಬರುತ್ತೆ ವೈಬ್ರೇಶನ್.

ಶಿಲ್ಲಾಂಗ್_ಪೋಸ್ಟಿಂಗ್:
ಕೆಲಸದ ಮೇಲೆ ಮೇಘಾಲಯದಲ್ಲಿದ್ದೆ, ಅಲ್ಲಿ ಜೈಂತಿಯಾ ಬೆಟ್ಟದ ನಾರ್ಟಿಯಾಂಗ್ ಅನ್ನೋ ಊರಲ್ಲಿ ನಿಂತ ಕಲ್ಲುಗಳ ಒಂದು ತೋಪೇ ಇದೆ. ಅಲ್ಲಿ ಖಾಸಿ ಜೈಂತಿಯಾ ಜನಕ್ಕೆ ಇದು ನಿಗೂಢ ಅಲ್ಲ, ಹಿರಿಯರ ನೆನಪಿಗೆ ನಿಲ್ಸೋದು ಅವರ ಪದ್ಧತಿ. ನೆಟ್ಟಗೆ ನಿಂತ ಕಲ್ಲು ಗಂಡಿನ ಲೆಕ್ಕ, ಮುಂದೆ ಮಲಗಿಸಿದ ಚಪ್ಪಡಿ ಹೆಣ್ಣಿನ ಲೆಕ್ಕ. ಎಲ್ಲದರ ಅಡಿಯಲ್ಲೂ ಹೆಣ ಇರಲ್ಲ. ನಾನು ಹೇಳೋದು ಏನು ಅಂದ್ರೆ ಸಮಾಧಿನಾ ಪಂಚಾಂಗನಾ ಅಂತ ಎರಡೇ ಬಾಗಿಲು ಯಾಕೆ. ಸತ್ತವರ ನೆನಪಿಗೆ ಕಲ್ಲು ನಿಲ್ಸಿ, ವರ್ಷಕ್ಕೊಮ್ಮೆ ಎಲ್ಲಾ ಸೇರೋ ದಿನ ಗೊತ್ತಾಗ್ಲಿ ಅಂತ ಎರಡು ಕಲ್ಲನ್ನ ಸೂರ್ಯನಿಗೆ ಹೊಂದಿಸಿ ಇಟ್ಟಿರಬಹುದು. ನಾವು ಪಕ್ಷ ಮಾಸದಲ್ಲಿ ಹಿರಿಯರಿಗೆ ಎಡೆ ಇಡೋದೂ ಪಂಚಾಂಗ ನೋಡೇ ಅಲ್ವಾ.

ಕಾನುಮನೆ_ಹುಡುಗ:
ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಎಲ್ಲಾ ಓದ್ತಾ ಇದೀನಿ. ಹಾಗಾದ್ರೆ ವಯಸ್ಸು ಹೇಗೆ ಹೇಳ್ತಾರೆ? ಕಲ್ಲಿಗೆ ಕಾರ್ಬನ್ ಡೇಟಿಂಗ್ ಮಾಡಿದ್ರೆ ಗೊತ್ತಾಗಲ್ವಾ?

ಶಾಸನ_ಪ್ರಿಯ:
ಕಾರ್ಬನ್ ಡೇಟಿಂಗಿಗೆ ಒಂದು ಕಾಲದಲ್ಲಿ ಜೀವ ಇದ್ದದ್ದು ಬೇಕು, ಇದ್ದಲು ಮೂಳೆ ಕಾಳು. ಕಲ್ಲಿಗೆ ಆಗಲ್ಲ, ಆಗೋ ಹಾಗಿದ್ರೂ ಸಿಗೋದು ಕಲ್ಲಿನ ವಯಸ್ಸು, ಅದು ಕೋಟಿಗಟ್ಲೆ ವರ್ಷ, ನಮಗೆ ಬೇಕಾಗಿರೋದು ನಿಲ್ಸಿದ ದಿನ. ಅದಕ್ಕೆ ಇರೋ ದಾರಿ ಅಂದ್ರೆ ಬುಡದ ಗುಂಡಿ. ಅಲ್ಲಿ ಇದ್ದಲು ಸಿಕ್ರೆ ಅದೃಷ್ಟ. ಇಲ್ಲಾಂದ್ರೆ ಓ.ಎಸ್.ಎಲ್. ಅಂತ ಒಂದು ವಿಧಾನ, ಮಣ್ಣಿನ ಬೆಣಚುಕಲ್ಲಿನ ಕಣ ಕೊನೇ ಸಲ ಬೆಳಕು ಕಂಡು ಎಷ್ಟು ಕಾಲ ಆಯ್ತು ಅಂತ ಅಳೆಯೋದು. ಗುಂಡಿ ಮುಚ್ಚಿದ ದಿನವೇ ಕಣಗಳಿಗೆ ಕತ್ತಲು. ಮಾದರಿ ತೆಗೆಯೋವಾಗ ಬೆಳಕು ತಾಗಿದ್ರೆ ಮುಗೀತು, ಅದಕ್ಕೆ ಮುಚ್ಚಿದ ಕೊಳವೆ ಹೊಡೆದು ತೆಗೀತಾರೆ.

ಇಲ್ಲದಿದ್ರೆ ಹತ್ತಿರದ ನೆಲೆಗಳ ಜೊತೆ ಹೋಲಿಸಿ ಹೇಳೋದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆ ಬ್ರಹ್ಮಗಿರಿ ಅಗೆಸಿ ಕಲ್ಲುವೃತ್ತ, ಕಲ್ಲುಪೆಟ್ಟಿಗೆ ಸಮಾಧಿಗಳಿಗೆ ಒಂದು ಅನುಕ್ರಮ ಹಾಕಿದ್ರು, ಅಶೋಕನ ಶಾಸನ ಇರೋ ಜಾಗ ಅದು. ವೀಲರ್ ಕೊಟ್ಟ ಕಾಲ ಸುಮಾರು ಕ್ರಿ.ಪೂ. 200ರ ಆಸುಪಾಸು, ಅದು ತೀರಾ ತಡವಾಯ್ತು ಅಂತ ಆಮೇಲೆ ಗೊತ್ತಾಯ್ತು. 1965ರಲ್ಲಿ ಹಾವೇರಿ ಕಡೆ ಹಳ್ಳೂರನ್ನ ಎಂ.ಎಸ್. ನಾಗರಾಜರಾವ್ ಅಗೆದಾಗ ಕಬ್ಬಿಣ ಕ್ರಿ.ಪೂ. 1000ದ ಹೊತ್ತಿಗೇ ಇತ್ತು ಅಂತ ಕಾರ್ಬನ್ ಡೇಟ್ ಬಂತು, ಒಂದೇ ಏಟಿಗೆ ಎಂಟು ನೂರು ವರ್ಷ ಹಿಂದಕ್ಕೆ.

ಸುರಪುರ_ದೊರಿ:
ನಮ್ ಯಾದಗಿರಿ ಜಿಲ್ಲಾದ ಇಭೂತಿಹಳ್ಳಿ (ವಿಭೂತಿಹಳ್ಳಿ) ಯಾಕ ಯಾರೂ ನೆನಸ್ಲಿಲ್ರಿ? ಶಹಾಪುರ ತಾಲೂಕು. ಅಲ್ಲಿ ನಿಂತ ಚಪ್ಪಡಿ ಅಲ್ಲ, ಗುಂಡು ಬಂಡಿಗೋಳು, ಸಾಲ್ ಸಾಲಾಗಿ. ಅದೂ ಬರೇ ಚೌಕ ಮನಿ ಅಲ್ಲ, ನಾಕು ಮೂಲಿಗೆ ನಾಕು, ನಡುವ ಒಂದು, ಮತ್ತ ಆ ನಡುವಿಂದೇ ಮುಂದಿನ ಚೌಕಕ್ಕ ಮೂಲಿ. ಚೌಕಾಬಾರಾ ಆಡೋ ಮನಿ ಹಾಕಿದಂಗ ಕಾಣ್ತದ. ಸುರಪುರದಾಗ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಇದ್ದ ಮೆಡೋಸ್ ಟೇಲರ್ ಸಾಹೇಬ 1850ರ ಸುಮಾರ ಇದರ ಬಗ್ಗೆ ಬರದಾನ, ಆಮ್ಯಾಲ 1956ರಾಗ ಪುರಾತತ್ವಜ್ಞ ಆಲ್ಚಿನ್ ಬರದಾರ. ಕೇಂದ್ರ ಪುರಾತತ್ವ ಇಲಾಖಿ ಬೋರ್ಡು ಅದ. ಸಮಾಧಿ ಅಂತ ತಿಳಿಯೋ ಹಂಗಿಲ್ಲ, ಯಾಕ ಹಾಕ್ಯಾರ ಅಂತ ಇನ್ನೂ ಒಬ್ಬರೂ ಎಲ್ಲಾರೂ ಒಪ್ಪೋ ಹಂಗ ಹೇಳಿಲ್ಲ. ಡಾಂಬರ್ ರಸ್ತೆದಾಗ ಹೋಗೋ ಮಂದಿ ಕಲ್ಲು ಬಿದ್ದಾವ ಅಂದ್ಕೊಂಡು ಹೋಗ್ತಾರ, ಇಳದು ನಡದು ನೋಡಿದ್ರ ಓಣಿ ಓಣಿ ಕಾಣ್ತಾವ.

ರಾಯಚೂರ್_ಬಿಸಲು:
ಹೌದ್ರಿ ದೊರಿ, ಮತ್ತ ಗಂಗಾವತಿ ಹತ್ರ ಹಿರೇಬೆಣಕಲ್. ಮೋರ್ಯಾರ ಮನಿ. ಗುಡ್ಡದ ಮ್ಯಾಲೆ ಕಲ್ಲಿನ ಸಣ್ಣ ಸಣ್ಣ ಮನಿ, ಕಿಂಡಿ ಬ್ಯಾರೆ. ಗಿಡ್ಡ ಮಂದಿ ಇದ್ರು ಅಂತ ಕತಿ. ಅದೂ ಯುನೆಸ್ಕೋ ತಾತ್ಕಾಲಿಕ ಪಟ್ಟ್ಯಾಗ ಅದ, 2021ರಿಂದ. ಅಲ್ಲೇ ಒಂದು ಅರ್ಧ ಗೋಲದ ಬಂಡಿ ಅದ, ಬಡದ್ರ ನಗಾರಿ ಸಪ್ಪಳ ಬರ್ತದ. ಕಲ್ಲುಕುಟಿಗನ ಮೊಮ್ಮಗ ಅವರ ಅಜ್ಜಗ ತೋರಿಸಬೇಕಿತ್ತು ಅದನ್ನ.

ತೀರ್ಥಹಳ್ಳಿ_ವಕೀಲ್ರು:
ಯಾರೂ ಹೇಳದ ವಿಷಯ ಒಂದು ಹೇಳ್ತೀನಿ. ನಿಂತ ಕಲ್ಲಿಗೆ ದೊಡ್ಡ ಶತ್ರು ಮಳೆ ಅಲ್ಲ, ನಿಧಿ ಹುಚ್ಚು. ಕಲ್ಲಿನ ಬುಡದಲ್ಲಿ ಕೊಪ್ಪರಿಗೆ ಇದೆ ಅಂತ ಯಾರೋ ಒಬ್ಬ ಹೇಳಿದ್ರೆ ಅಮಾವಾಸ್ಯೆ ರಾತ್ರಿ ಗುದ್ದಲಿ ನಿಂಬೆಹಣ್ಣು ತಗೊಂಡು ಹೊರಡ್ತಾರೆ. ನಮ್ಮ ಸಂಬಂಧಿಕರ ಜಮೀನಲ್ಲೇ ಹಾಗೆ ಒಂದು ಕಲ್ಲು ಮಲಗಿಸಿ ಹೋದ್ರು, ಸಿಕ್ಕಿದ್ದು ಎರಡು ಬುಟ್ಟಿ ಗುಂಡುಕಲ್ಲು. ಆ ಗುಂಡುಕಲ್ಲು ಯಾಕೆ ಅಂತ ಮೇಲೆ ಮೊಮ್ಮಗನವರು ಬರೆದಿದ್ದಾರೆ. ಶಾಸನ_ಪ್ರಿಯರು ಹೇಳಿದ ಮಣ್ಣಿನ ಕಣಗಳಿಗೂ ಅವತ್ತೇ ಬೆಳಕು ಬಿತ್ತು, ಇನ್ನು ಆ ಕಲ್ಲಿಗೆ ಕಾಲ ಹೇಳೋಕಾಗಲ್ಲ. ಅಕಸ್ಮಾತ್ ನೆಲದಲ್ಲಿ ಏನಾದ್ರೂ ಸಿಕ್ಕಿದ್ರೂ ಸರ್ಕಾರಕ್ಕೆ ತಿಳಿಸ್ಲೇಬೇಕು, ಮುಚ್ಚಿಟ್ರೆ ಶಿಕ್ಷೆ ಇದೆ.

ಹಾಗೇ ಎರಡನೇ ಶತ್ರು ತೋಟ ವಿಸ್ತರಣೆ. ಜೆಸಿಬಿಗೆ ವೀರಗಲ್ಲು ಕಂಡ್ರೆ ಡ್ರೈವರ್ ನಿಲ್ಲಿಸ್ತಾನೆ, ಬೊಂಬೆ ಇದೆಯಲ್ಲ. ಬೋಳು ಚಪ್ಪಡಿ ಕಂಡ್ರೆ ಕಾಲುಸಂಕಕ್ಕೆ ಆಗುತ್ತೆ ಅಂತಾನೆ. ದಯವಿಟ್ಟು ಇಲ್ಲಿ ಲೊಕೇಶನ್ ಪಿನ್ ಹಾಕ್ಬೇಡಿ.

ಡೇಟಾ_ದಾಸ:
ಬಿದ್ದ ಕಲ್ಲು ಅಂದಾಗ ನೆನಪಾಯ್ತು, ನನ್ನ 190 ಗೆರೆ ಲೆಕ್ಕದಲ್ಲಿ ಕಳೆದು ಹೋದ ಕಲ್ಲುಗಳ ಗೆರೆ ಇಲ್ಲ. ಉಳಿದಿರೋದೇ ಎಷ್ಟು ಪಾಲು ಅಂತ ಗೊತ್ತಿಲ್ಲದೆ ಯಾವ ಸಾಲೂ ಪೂರ್ತಿ ನಂಬೋಕಾಗಲ್ಲ, ಅಲ್ಲಗಳೆಯೋಕೂ ಆಗಲ್ಲ. ಆದ್ರೆ ಕಾನುಮನೆ ಹೇಳಿದ ಉತ್ತರ ದಕ್ಷಿಣ ಅಂಚು ನನಗೆ ಜೋಡಿ ಸಾಲಿಗಿಂತ ಗಟ್ಟಿ ಸಾಕ್ಷಿ ಅನ್ಸುತ್ತೆ. ಜೋಡಿ ಆರಿಸ್ಕೋಬಹುದು, ಒಂದೊಂದು ಕಲ್ಲೂ ತಿರುಗಿರೋ ದಿಕ್ಕನ್ನ ಆರಿಸ್ಕೊಳ್ಳೋಕಾಗಲ್ಲ. ಹತ್ತು ಚಪ್ಪಡಿ ಒಂದೇ ಕಡೆ ಮುಖ ಮಾಡಿದ್ರೆ ಅದು ಯಾರೋ ಬೇಕಂತ ಮಾಡಿದ್ದು.

ಚುಕ್ಕಿ_ಎಣಿಸೋನು:
ಒಪ್ಪಿದೆ. ಅಂಚು ಉತ್ತರ ದಕ್ಷಿಣ ಇದ್ರೆ ಇನ್ನೊಂದು ಲಾಭ ಇದೆ, ಬೆಳಗ್ಗೆ ಪೂರ್ವದ ಮುಖಕ್ಕೆ ಬಿಸಿಲು, ಮಧ್ಯಾಹ್ನದ ಮೇಲೆ ಪಶ್ಚಿಮದ ಮುಖಕ್ಕೆ, ನಡು ಹಗಲಿಗೆ ಎರಡೂ ಮುಖದಿಂದ ಬಿಸಿಲು ಜಾರಿ ನೆರಳು ಬರೀ ಒಂದು ಪಟ್ಟಿ. ಗಡಿಯಾರ ಮಾಡೋಕೇ ಅಂತ ನಿಲ್ಸಿದ್ರು ಅಂತ ನಾನು ಹೇಳ್ತಿಲ್ಲ, ನಿಲ್ಸಿದ ಮೇಲೆ ಯಾರೂ ಗಮನಿಸದೇ ಇರೋಕೆ ಸಾಧ್ಯ ಇಲ್ಲ ಅಂತ ಹೇಳ್ತಿದೀನಿ.

ಈ ಡಿಸೆಂಬರ್ 21, 22ಕ್ಕೆ ಯಾರ್ಯಾರು ಬರ್ತೀರಿ? ಮೊಬೈಲ್ ಕಂಪಾಸ್ ನಂಬಬೇಡಿ, ಅದು ತೋರಿಸೋದು ಅಯಸ್ಕಾಂತದ ಉತ್ತರ, ಜೇಬಲ್ಲಿ ಕೀಲಿಕೈ ಇದ್ರೂ ಕೆಡುತ್ತೆ. ಸೂರ್ಯನಿಂದಾನೇ ದಿಕ್ಕು ತೆಗೆಯೋಣ, ಒಂದು ತೂಗುಗುಂಡು, ಸರಿ ಹೊಂದಿಸಿದ ವಾಚು ಸಾಕು. ಸಂಜೆ ಮೂರೂವರೆಗೆಲ್ಲ ಅಲ್ಲಿ ಇರ್ಬೇಕು, ಯಾಕಂದ್ರೆ ಗುಡ್ಡದ ಮರೆಗೆ ಸೂರ್ಯ ಪೇಪರ್ ಟೈಮಿಗಿಂತ ಮುಂಚೆ ಹೋಗ್ತಾನೆ. ಯಾವ ಕಲ್ಲನ್ನೂ ನೆಟ್ಟಗೆ ಮಾಡೋಕೆ ಹೋಗೋದು ಬೇಡ, ಪಾಚಿ ಉಜ್ಜೋದು ಬೇಡ, ಚಾಕ್‌ಪೀಸಲ್ಲಿ ನಂಬರ್ ಬರೆಯೋದು ಬೇಡ.

ಕಾನುಮನೆ_ಹುಡುಗ:
ನಾನು ಬರ್ತೀನಿ. ಜಾಗದ ಒಡೆಯರನ್ನ ಮೊದ್ಲೇ ಕೇಳಿ ಇಡ್ತೀನಿ.

ಕೊಳೆರೋಗ_ಔಷಧಿ:
ಅವತ್ತು ಅಡಿಕೆ ಸುಲಿಯೋ ಆಳು ಬರ್ತಾರೆ, ಬೆಳಗ್ಗೆ ಆಗಲ್ಲ, ಸಂಜೆ ಆದ್ರೆ ಬರ್ತೀನಿ. ಊಟಕ್ಕೆ ನಮ್ಮನೇಗೇ ಬನ್ನಿ, ಎಷ್ಟು ಜನ ಅಂತ ಹಿಂದಿನ ದಿನ ಹೇಳಿದ್ರೆ ಸಾಕು. ಜಿಗಣೆ ಇರಲ್ಲ ಡಿಸೆಂಬರಲ್ಲಿ, ಉಣುಗು ಇರುತ್ತೆ, ಮಂಗನ ಕಾಯಿಲೆ ಸೀಸನ್ ಶುರುವಾಗೋ ಹೊತ್ತು ಅದು. ತುಂಬು ತೋಳಿನ ಅಂಗಿ, ಪ್ಯಾಂಟು ಸಾಕ್ಸ್ ಒಳಗೆ, ಆರೋಗ್ಯ ಇಲಾಖೆಯೋರು ಕೊಡೋ ಎಣ್ಣೆ ನಮ್ಮನೇಲಿದೆ, ಹಚ್ಕೊಂಡೇ ಕಾಡಿಗೆ ಇಳಿಯೋದು.